ಪೆನ್ಸಿಲ್ ಕಡ್ಡಿಗೆ ಕರೆಂಟ್, ವಜ್ರಕ್ಕೆ ಯಾಕಿಲ್ಲ?

ಪ್ರಶ್ನೆ: ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟ್ ಹರಿಯುತ್ತದೆ, ವಜ್ರದಲ್ಲಿ ಹರಿಯುವುದಿಲ್ಲ. ಎರಡೂ ಕಾರ್ಬನ್ನೇ ಅಲ್ವಾ? ಪ್ಲಾಸ್ಟಿಕ್‌ನಲ್ಲೂ ಕಾರ್ಬನ್ ಇದೆಯಲ್ಲ?
— ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಒಳ್ಳೆಯ ಪ್ರಶ್ನೆ. ಕಾರ್ಬನ್ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನ್ ಇರುತ್ತವೆ. ವಜ್ರದಲ್ಲಿ ನಾಲ್ಕೂ ಅಕ್ಕಪಕ್ಕದ ಪರಮಾಣುಗಳ ಜೊತೆ ಗಟ್ಟಿಯಾಗಿ ಬಂಧಗೊಂಡಿವೆ, ಓಡಾಡಲು ಒಂದೂ ಉಳಿದಿಲ್ಲ. ಪೆನ್ಸಿಲ್ ಕಡ್ಡಿ ಅಂದರೆ ಜೇಡಿಮಣ್ಣು ಬೆರೆಸಿದ ಗ್ರಾಫೈಟ್. ಅದರಲ್ಲಿ ಪ್ರತಿ ಪರಮಾಣು ಮೂರು ಪರಮಾಣುಗಳಿಗಷ್ಟೇ ಅಂಟಿಕೊಂಡು ಹಾಳೆಯಂತೆ ಹರಡಿರುತ್ತದೆ, ನಾಲ್ಕನೆಯ ಎಲೆಕ್ಟ್ರಾನ್ ಇಡೀ ಹಾಳೆಗೆ ಸೇರಿದ್ದು, ಆರಾಮಾಗಿ ಸಾಗುತ್ತದೆ. ಹಾಳೆಯಿಂದ ಹಾಳೆಗೆ ದಾಟುವುದು ಮಾತ್ರ ಕಷ್ಟ.

ಪಾಲಿಥೀನ್ ಕಥೆ ವಜ್ರದಂತೆಯೇ. ಅದಕ್ಕೇ ವೈರಿಗೆ ಹೊದಿಸುತ್ತಾರೆ. ಆದರೆ ಎಲ್ಲ ಪ್ಲಾಸ್ಟಿಕ್ ಹಾಗಲ್ಲ, ನನಗೆ ತುಂಬಾ ಇಷ್ಟವಾದ ವಿಷಯ ಇದೇ: ಪಾಲಿಅಸಿಟಿಲೀನ್‌ನಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುತ್ತವೆ, ಅದಕ್ಕೆ ಅಯೋಡಿನ್ ಸೋಕಿಸಿದರೆ ಕೆಲವು ಎಲೆಕ್ಟ್ರಾನ್ ಕಳಚಿಹೋಗಿ ಉಳಿದವಕ್ಕೆ ಜಾಗ ಸಿಗುತ್ತದೆ. 1977ರಲ್ಲಿ ಹೀಗೆ ಅದರ ವಾಹಕತೆ, ಅಂದರೆ ಕರೆಂಟ್ ಹರಿಸುವ ಸಾಮರ್ಥ್ಯ, ಲಕ್ಷಾಂತರ ಪಟ್ಟು ಏರಿತು. ಇದನ್ನು ಕಂಡುಹಿಡಿದ ವಿಜ್ಞಾನಿಗಳಾದ ಹೀಗರ್, ಮ್ಯಾಕ್‌ಡೈರ್ಮಿಡ್, ಶಿರಕಾವಾ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟ್ ಹರಿಸಿ ನೋಡುವ ಪ್ರಯೋಗವನ್ನು ಟಾರ್ಚ್ ಸೆಲ್‌ನಲ್ಲೇ ಮಾಡಿ. ಗೋಡೆಯ ಪ್ಲಗ್ ಹತ್ತಿರ ದಯವಿಟ್ಟು ಬೇಡ.