ಹಳ್ಳಿ ಸ್ಟಾಪಿಗೂ ಒಂದು ವೇಳಾಪಟ್ಟಿ ಬೇಕು

ಓದುಗರ ಪತ್ರ: ನಮ್ಮ ತಾಲ್ಲೂಕು ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಬೋರ್ಡಿಗೆ ಬಣ್ಣ ಬಳಿದು ಎಷ್ಟೋ ವರ್ಷವಾಯಿತು. ಅದರಲ್ಲಿರುವ ಕೆಲವು ಬಸ್ಸುಗಳು ನಿಂತೇ ಹೋಗಿವೆ, ಹೊಸ ಬಸ್ಸುಗಳ ಸಮಯ ಬರೆದೇ ಇಲ್ಲ. ನಾನು ಪಾಠ ಮಾಡುವ ಪಿಯು ಕಾಲೇಜಿನ ಮಕ್ಕಳಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು. ವೇಳಾಪಟ್ಟಿ ತಯಾರಿಸುವ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಸಾಫ್ಟ್‌ವೇರ್ ಇದೆಯೇ? ಕನ್ನಡದಲ್ಲಿ ಮಾಡಬಹುದೇ? ಯಾರ ಅನುಮತಿಯಾದರೂ ಬೇಕೇ? ಎಲ್ಲರ ಕೈಯಲ್ಲೂ ಫೋನ್ ಇರುವಾಗ ಬೋರ್ಡಿಗೆ ಇಷ್ಟು ಕಷ್ಟಪಡಬೇಕೇ?

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ,

ಇದೆ. ಒಂದಲ್ಲ, ಹಲವು ಇವೆ, ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ. ಆದರೆ ಹೆಸರು ಹೇಳುವ ಮೊದಲು, ಅವು ಮಾಹಿತಿಯನ್ನು ಯಾವ ರೂಪದಲ್ಲಿ ಕೇಳುತ್ತವೆ ಎಂದು ಹೇಳಿಬಿಡುತ್ತೇನೆ. ನಿಮ್ಮ ಮಕ್ಕಳ ಕೆಲಸದ ಮುಕ್ಕಾಲು ಪಾಲು ಅಲ್ಲೇ ಇದೆ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಬಸ್ಸು, ರೈಲು ಓಡಿಸುವ ಸಾರ್ವಜನಿಕ ಸಂಸ್ಥೆ ಟ್ರೈಮೆಟ್. ಕಾರಿನವರಿಗೆ ಆನ್‌ಲೈನಿನಲ್ಲಿ ಸುಲಭವಾಗಿ ದಾರಿ ಸಿಗುವಾಗ ಬಸ್ಸಿನವರಿಗೆ ಯಾಕೆ ಸಿಗಬಾರದು ಎಂದು ಅಲ್ಲಿನ ಐಟಿ ವಿಭಾಗದ ಬಿಬಿಯಾನಾ ಮೆಕ್‌ಹ್ಯೂ ಪಟ್ಟು ಹಿಡಿದರು. ಗೂಗಲ್‌ನವರ ಜೊತೆ ಸೇರಿ 2005ರಲ್ಲಿ ಅದನ್ನು ಮಾಡಿಯೂ ತೋರಿಸಿದರು. ಅದರಿಂದ ಹುಟ್ಟಿದ್ದು ವೇಳಾಪಟ್ಟಿ ಬರೆಯುವ ಜಿಟಿಎಫ್‌ಎಸ್ (ಜನರಲ್ ಟ್ರಾನ್ಸಿಟ್ ಫೀಡ್ ಸ್ಪೆಸಿಫಿಕೇಷನ್) ಎಂಬ ಮಾದರಿ. ಇವತ್ತು ಜಗತ್ತಿನ ತುಂಬ ಸಾರಿಗೆ ಸಂಸ್ಥೆಗಳು ಇದೇ ರೂಪದಲ್ಲಿ ವೇಳಾಪಟ್ಟಿ ಕೊಡುತ್ತವೆ. ನಮ್ಮ ದೇಶದಲ್ಲಿ ಕೊಚ್ಚಿ ಮೆಟ್ರೋ ಮತ್ತು ದೆಹಲಿ ಸಾರಿಗೆ 2018ರಲ್ಲಿ ತಮ್ಮ ಮಾಹಿತಿಯನ್ನು ಹೀಗೆ ಎಲ್ಲರಿಗೂ ತೆರೆದಿಟ್ಟವು.

ಹೆಸರು ದೊಡ್ಡದು ಅನ್ನಿಸಬಹುದು, ಒಳಗಿರುವುದು ಕೆಲವು ಸಾದಾ ಪಠ್ಯದ ಫೈಲುಗಳು ಅಷ್ಟೇ. ಸ್ಟಾಪುಗಳಿಗೆ ಒಂದು, ರೂಟುಗಳಿಗೆ ಒಂದು, ಟ್ರಿಪ್ಪುಗಳಿಗೆ ಒಂದು. ಯಾವ ಟ್ರಿಪ್ ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವುದಕ್ಕೆ ಇನ್ನೊಂದು. ಯಾವ ದಿನ ಓಡುತ್ತದೆ ಎನ್ನುವುದಕ್ಕೆ ಕ್ಯಾಲೆಂಡರ್ ಫೈಲು. ಎಕ್ಸೆಲ್‌ನಂಥ ಹಾಳೆ ಉಚಿತವಾಗಿ ಕೊಡುವ ಲಿಬ್ರೆ ಆಫೀಸಿನಲ್ಲೇ ಇಷ್ಟನ್ನೂ ತುಂಬಬಹುದು. ಅದು ಬೇಡ ಅಂದರೆ, ಕೊಚ್ಚಿ ಮೆಟ್ರೋಗಾಗಿ ಸಿದ್ಧವಾದ ಸ್ಟ್ಯಾಟಿಕ್ ಜಿಟಿಎಫ್‌ಎಸ್ ಮ್ಯಾನೇಜರ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಬ್ರೌಸರಿನಲ್ಲೇ ತುಂಬಿಸಬಹುದು.

ನನಗೆ ಈ ಮಾದರಿಯಲ್ಲಿ ತುಂಬ ಇಷ್ಟವಾಗುವುದು ಅದರ ಸಣ್ಣ ಸಣ್ಣ ಎಚ್ಚರಗಳು. ಶನಿವಾರ ರಾತ್ರಿ 11:30ಕ್ಕೆ ಹೊರಟ ಬಸ್ಸು ನಡುರಾತ್ರಿ ದಾಟಿ 12:40ಕ್ಕೆ ಊರು ಸೇರುತ್ತದೆ ಅಂದುಕೊಳ್ಳಿ. ಅದು ಶನಿವಾರದ ಬಸ್ಸೋ ಭಾನುವಾರದ್ದೋ? ಜಿಟಿಎಫ್‌ಎಸ್‌ನಲ್ಲಿ ಆ ಸಮಯವನ್ನು 24:40 ಎಂದು ಬರೆಯುತ್ತಾರೆ. ಬಸ್ಸು ಶನಿವಾರದ್ದಾಗಿಯೇ ಉಳಿಯುತ್ತದೆ, ಗೊಂದಲವಿಲ್ಲ. ಮಂಗಳವಾರದ ಸಂತೆಗೆ ಮಾತ್ರ ಬರುವ ಬಸ್ಸಿಗೆ ಕ್ಯಾಲೆಂಡರಿನಲ್ಲಿ ಮಂಗಳವಾರದ ಕಾಲಮ್ಮಿಗೆ 1, ಮಿಕ್ಕ ದಿನಗಳಿಗೆ 0. ಜಾತ್ರೆಗೆ ಬಿಡುವ ಸ್ಪೆಷಲ್ ಬಸ್ಸಿಗೂ, ಹಬ್ಬದ ದಿನ ರದ್ದಾಗುವ ಬಸ್ಸಿಗೂ ತಾರೀಖು ಸಮೇತ ಬರೆಯಲು ಬೇರೆ ಫೈಲಿದೆ. ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದ ಮಾದರಿ ನಮ್ಮ ಸಂತೆ ಬಸ್ಸಿಗೂ ಸರಿಹೊಂದುತ್ತದೆ ನೋಡಿ.

ಇನ್ನು ಪಟ್ಟಿ ಮುದ್ರಿಸುವ ಸಾಫ್ಟ್‌ವೇರ್. ಟ್ರೈಮೆಟ್ ಸಂಸ್ಥೆಯೇ ಹಿಂದೆ ಟೈಮ್‌ಟೇಬಲ್ ಪಬ್ಲಿಷರ್ ಎಂಬುದನ್ನು ತನಗಾಗಿ ಬರೆಸಿ, ಓಪನ್ ಸೋರ್ಸ್ ಮಾಡಿತ್ತು. ಈಗ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಜಿಟಿಎಫ್‌ಎಸ್ ಟು ಎಚ್‌ಟಿಎಂಎಲ್. ಫೈಲುಗಳನ್ನು ಕೊಟ್ಟರೆ ರೂಟಿಗೊಂದರಂತೆ ವೇಳಾಪಟ್ಟಿ ಮಾಡಿಕೊಡುತ್ತದೆ, ವೆಬ್ ಪುಟವಾಗಿಯೂ ಪಿಡಿಎಫ್ ಆಗಿಯೂ. ಸ್ಟಾಪುಗಳನ್ನು ಉದ್ದಕ್ಕೆ ಬರೆಯಬೇಕೋ ಅಡ್ಡಕ್ಕೆ ಬರೆಯಬೇಕೋ, ಮುಖ್ಯ ಸ್ಟಾಪುಗಳು ಮಾತ್ರ ಸಾಕೋ ಎನ್ನುವುದೆಲ್ಲ ನಿಮ್ಮ ಇಷ್ಟ. ಅದಕ್ಕೆ ಕೊಡುವ ಮೊದಲು ಮೊಬಿಲಿಟಿಡೇಟಾ ಸಂಸ್ಥೆಯ ಉಚಿತ ವ್ಯಾಲಿಡೇಟರಿನಲ್ಲಿ, ಅಂದರೆ ತಪ್ಪು ಹುಡುಕುವ ಸಾಫ್ಟ್‌ವೇರಿನಲ್ಲಿ ಫೈಲುಗಳನ್ನು ಪರೀಕ್ಷಿಸಿ. ಎರಡು ಸ್ಟಾಪುಗಳ ನಡುವೆ ಬಸ್ಸು ನಂಬಲಾಗದ ವೇಗದಲ್ಲಿ ಹೋದಂತೆ ನೀವು ಸಮಯ ಬರೆದಿದ್ದರೆ ಅದು ಹಿಡಿದು ತೋರಿಸುತ್ತದೆ.

ಕನ್ನಡದ ಬಗ್ಗೆ ಕೇಳಿದ್ದೀರಿ. ತೊಂದರೆಯಿಲ್ಲ, ಒಂದೇ ಷರತ್ತು: ಹೆಸರುಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತದಲ್ಲಿರಬೇಕು. ಕಚೇರಿಯಿಂದ ಸಿಗುವ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಅದನ್ನು ಹಾಗೇ ಅಂಟಿಸಿದರೆ ಬರೀ ಗೋಜಲು ಅಕ್ಷರ ಬರುತ್ತದೆ. ಮೊದಲು ಪರಿವರ್ತಿಸಿ, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ನೋಡಿ. ಬೋರ್ಡಿಗೆ ಬಳಸುವ ಮುಖ್ಯ ಹೆಸರು ಕನ್ನಡದ್ದೇ ಇರಲಿ. ಇಂಗ್ಲಿಷ್ ಹೆಸರನ್ನು ಅನುವಾದಗಳಿಗೆಂದೇ ಇರುವ ಫೈಲಿಗೆ ಹಾಕಬಹುದು. ಹೊಸಹಳ್ಳಿ ಎಂಬ ಹೆಸರಿನ ಊರು ನಿಮ್ಮ ತಾಲ್ಲೂಕಿನಲ್ಲೇ ಎರಡು ಮೂರು ಇರಬಹುದು, ಅಲ್ವಾ? ಅದಕ್ಕೇ ಪ್ರತಿ ಸ್ಟಾಪಿಗೂ ಬೇರೆ ಗುರುತು ಸಂಖ್ಯೆ, ಬೇರೆ ಅಕ್ಷಾಂಶ ರೇಖಾಂಶ ಕೊಡಬೇಕು.

ಈಗ ನಿಮ್ಮ ಪತ್ರದಲ್ಲಿ ನಾನು ಒಪ್ಪದ ಒಂದು ವಿಷಯ. ನೀವು ತಾಲ್ಲೂಕು ಬಸ್‌ಸ್ಟ್ಯಾಂಡಿನ ಬೋರ್ಡಿನಿಂದ ಶುರು ಮಾಡಬೇಕೆಂದಿದ್ದೀರಿ. ಅಲ್ಲಿಂದ ಬೇಡ ಎನ್ನುತ್ತೇನೆ. ಸ್ಟ್ಯಾಂಡಿನಲ್ಲಿ ಬೋರ್ಡು ತಪ್ಪಿದ್ದರೂ ವಿಚಾರಣೆ ಕಿಟಕಿಯಿದೆ, ಕಂಟ್ರೋಲರ್ ಇದ್ದಾರೆ. ಕೇಳಿದರೆ ಹೇಳುತ್ತಾರೆ. ಹಳ್ಳಿ ಕ್ರಾಸಿನಲ್ಲಿ ಕಾಯುವ ಹೆಂಗಸಿಗೆ ಯಾರು ಹೇಳುತ್ತಾರೆ? ಆಸ್ಪತ್ರೆಗೆ ಹೊರಟವರು ಬಸ್ಸು ಈಗಾಗಲೇ ಹೋಯಿತೋ ಇನ್ನೂ ಬರಬೇಕೋ ಗೊತ್ತಿಲ್ಲದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಬಣ್ಣದಲ್ಲಿ ಬರೆಸುವ ಕಾಲದಲ್ಲಿ ಪ್ರತಿ ಸ್ಟಾಪಿಗೂ ಬೋರ್ಡು ಮಾಡಿಸುವುದು ಆಗದ ಮಾತಾಗಿತ್ತು. ಈಗ ಮಾಹಿತಿ ಒಂದು ಸಲ ಫೈಲಿಗೆ ಬಂದರೆ ನೂರು ಸ್ಟಾಪಿಗೆ ನೂರು ಹಾಳೆ ತೆಗೆಯಬಹುದು. ಆ ಸ್ಟಾಪಿನಿಂದ ಯಾವ ಕಡೆಗೆ ಯಾವಾಗ ಬಸ್ಸು, ಅಷ್ಟೇ ಇರುವ ಹಾಳೆ. ನೈಟ್ ಹಾಲ್ಟ್ ಬಸ್ಸು, ಉತ್ತರ ಕರ್ನಾಟಕದವರು ವಸ್ತಿ ಬಸ್ಸು ಅನ್ನುತ್ತಾರಲ್ಲ, ಅದು ಬೆಳಿಗ್ಗೆ ಎಷ್ಟಕ್ಕೆ ಊರು ಬಿಡುತ್ತದೆ ಎನ್ನುವುದು ದಪ್ಪ ಅಕ್ಷರದಲ್ಲಿರಲಿ. ಸಂಜೆಯ ಕೊನೆಯ ಬಸ್ಸೂ ಹಾಗೆಯೇ.

ಇದಕ್ಕೆ ಪ್ರೋಗ್ರಾಮಿಂಗ್ ಕಲಿತ ಮಕ್ಕಳು ಬೇಕು. ಸಮಯಗಳ ಫೈಲಿನಿಂದ ಒಂದು ಸ್ಟಾಪಿನ ಸಾಲುಗಳನ್ನಷ್ಟೇ ಆರಿಸಿ, ಹೊತ್ತಿನ ಪ್ರಕಾರ ಜೋಡಿಸಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವೇ ಸಾಲುಗಳ ಕೆಲಸ. ನಿಜವಾದ ಕಷ್ಟ ಬೇರೆ ಇದೆ. ಹೊರಡುವ ಊರಿನ ಮತ್ತು ದೊಡ್ಡ ಊರುಗಳ ಸಮಯ ಮಾತ್ರ ಕಚೇರಿಯಿಂದ ಸಿಗಬಹುದು, ನಡುವಿನ ಕ್ರಾಸುಗಳದ್ದು ಸಿಗದೆ ಹೋಗಬಹುದು. ಮಕ್ಕಳು ದಿನಾ ಅದೇ ಬಸ್ಸಿನಲ್ಲಿ ಬರುತ್ತಾರಲ್ಲ, ಅವರೇ ನೋಡಿ ಬರೆದುಕೊಳ್ಳಲಿ. ಬೇರೆ ಬೇರೆ ದಿನ ನೋಡಿ, ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ. ಸಮಯ ಖಚಿತವೋ ಅಂದಾಜೋ ಎಂದು ಗುರುತಿಸಲು ಜಿಟಿಎಫ್‌ಎಸ್‌ನಲ್ಲೇ ಒಂದು ಕಾಲಮ್ ಇದೆ. ಖಚಿತಕ್ಕೆ 1, ಅಂದಾಜಿಗೆ 0. ಅಂದಾಜಿನ ಸಮಯದ ಮುಂದೆ ಹಾಳೆಯಲ್ಲಿ ‘ಸುಮಾರು’ ಎಂದು ತಪ್ಪದೆ ಬರೆಯಿರಿ. ಅಂದಾಜು ಮಾಡುವಾಗ ಬಸ್ಸು ಬೇಗ ಬಂದ ದಿನದ ಸಮಯವನ್ನೇ ಹಿಡಿಯಿರಿ. ಐದು ನಿಮಿಷ ಜಾಸ್ತಿ ಕಾದರೆ ನಷ್ಟವಿಲ್ಲ. ಐದು ನಿಮಿಷ ತಡವಾಗಿ ಬಂದು ದಿನದ ಒಂದೇ ಬಸ್ಸು ತಪ್ಪಿಸಿಕೊಂಡವರಿಗೆ ಆ ದಿನದ ಕೂಲಿಯೇ ಹೋಗುತ್ತದೆ.

ಫೋನ್ ಇರುವಾಗ ಹಾಳೆ ಯಾಕೆ ಎಂದಿರಿ. ಎಲ್ಲ ಮನೆಯಲ್ಲೂ ಫೋನ್ ಇರಬಹುದು, ಎಲ್ಲ ಕ್ರಾಸಿನಲ್ಲೂ ಸಿಗ್ನಲ್ ಇಲ್ಲ. ಹಾಳೆ, ಫೋನ್ ಎರಡೂ ಒಂದೇ ಫೈಲಿನಿಂದ ಬರುವುದರಿಂದ ಯಾವುದನ್ನೂ ಬಿಡಬೇಕಾಗಿಲ್ಲ.

ಅನುಮತಿಯ ವಿಷಯ. ಸಾರ್ವಜನಿಕ ಬಸ್ಸಿನ ಸಮಯ ಗುಟ್ಟಿನ ಮಾಹಿತಿಯಲ್ಲ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಡಿಪೋ ಮ್ಯಾನೇಜರಿಗೆ ಬರೆದು ಕೇಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಆದರೂ ಮೊದಲು ಹೋಗಿ ಮಾತಾಡಿ ಎನ್ನುವುದೇ ನನ್ನ ಸಲಹೆ. ಸಮಯ ಬದಲಾದಾಗ ನಿಮಗೆ ತಿಳಿಸಬೇಕಾದವರೂ ಅವರೇ ತಾನೇ. ಹಾಳೆ ಅಂಟಿಸುವ ತಂಗುದಾಣ ಯಾರಿಗೆ ಸೇರಿದ್ದೋ ಅವರ ಒಪ್ಪಿಗೆ ಪಡೆಯಿರಿ. ಹೆಚ್ಚಿನ ಕಡೆ ಅದು ಗ್ರಾಮ ಪಂಚಾಯಿತಿ. ‘ಇದು ಕಾಲೇಜಿನ ಮಕ್ಕಳು ಮಾಡಿದ ಪಟ್ಟಿ, ಈ ತಾರೀಖಿನಂದು ಪರಿಶೀಲಿಸಿದ್ದು’ ಎಂಬ ಸಾಲು ಪ್ರತಿ ಹಾಳೆಯ ಕೆಳಗೂ ಇರಲಿ. ಹೊಸ ವರ್ಷದ ಮಕ್ಕಳು ಕಾಲೇಜಿಗೆ ಸೇರಿದಾಗ ಫೈಲುಗಳನ್ನು ಅವರಿಗೆ ವಹಿಸುವ ಏರ್ಪಾಡನ್ನು ಈಗಲೇ ಮಾಡಿಕೊಳ್ಳಿ.

ಒಂದೇ ರೂಟು ಹಿಡಿದು ಶುರು ಮಾಡಿ. ಮೊದಲ ಹಾಳೆ ಸಿದ್ಧವಾದ ಮೇಲೆ ಫೈಲುಗಳ ಸಮೇತ ನಮಗೆ ಕಳುಹಿಸಿ. ಬೇರೆ ತಾಲ್ಲೂಕಿನ ಮೇಷ್ಟ್ರುಗಳೂ ಬಳಸಿಕೊಳ್ಳುವಂತೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.