ಆನ್‌ಲೈನ್ ಕಿಸ್‌ಪೆಪ್ಟಿನ್ ಚುಚ್ಚಿಕೊಳ್ಳುವ ಮೊದಲು

ಕಿಸ್‌ಪೆಪ್ಟಿನ್ ಎಂಬ ಹಾರ್ಮೋನಿನ ಬಗ್ಗೆ ಪ್ರಶ್ನೆ ಬರುವುದು ನಿಲ್ಲುತ್ತಲೇ ಇಲ್ಲ. ಒಂದಕ್ಕೆ ಪೂರ್ತಿ ಉತ್ತರ ಬರೆದುಬಿಡುತ್ತೇನೆ, ಉಳಿದವರೂ ಓದಿಕೊಳ್ಳಿ.

ಪ್ರಶ್ನೆ: ನನಗೆ ಪಿಸಿಓಡಿ ಇದೆ, ಮುಂದಿನ ತಿಂಗಳು ಐವಿಎಫ್. ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಬಹುದು ಎಂದು ಡಾಕ್ಟರ್ ಹೆದರಿಸಿದ್ದಾರೆ. ಕಿಸ್‌ಪೆಪ್ಟಿನ್ ಸೇಫ್ ಅಂತ ಓದಿ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ಈಗಿನಿಂದಲೇ ದಿನಾ ತಗೊಳ್ಳಲಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಬೇಡ. ಅದನ್ನು ಮುಟ್ಟಲೇಬೇಡಿ. ಬಾಟಲಿಯೊಳಗೆ ಏನಿದೆ, ಎಷ್ಟಿದೆ ಅಂತ ಮಾರಿದವನಿಗೂ ಗೊತ್ತಿರುವುದಿಲ್ಲ.

ನೀವು ಓದಿದ್ದು ಸುಳ್ಳಲ್ಲ, ಅರ್ಧ ಓದಿದ್ದೀರಿ ಅಷ್ಟೆ. ಕಿಸ್‌ಪೆಪ್ಟಿನ್ ಮೆದುಳಿನಲ್ಲಿ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುವ ನರಕೋಶಗಳನ್ನು ಎಬ್ಬಿಸುತ್ತದೆ, ಆಮೇಲೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಂಡಾಶಯವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು ಬರುತ್ತವೆ. ಕಿಸ್‌ಪೆಪ್ಟಿನ್ ಬಂದು ಕೂರುವ ರಿಸೆಪ್ಟರ್ ಕೆಟ್ಟಿದ್ದರೆ ಮಕ್ಕಳು ಪ್ರಾಯಕ್ಕೇ ಬರುವುದಿಲ್ಲ ಎಂಬುದು 2003ರಲ್ಲೇ ಗೊತ್ತಾಯಿತು. ಐವಿಎಫ್‌ನಲ್ಲಿ ಅಂಡ ತೆಗೆಯುವ ಮೊದಲು ಅದನ್ನು ಮಾಗಿಸಲು ಕೊಡುವ ಚುಚ್ಚುಮದ್ದೇ ಟ್ರಿಗರ್. ಮಾಮೂಲಿ ಟ್ರಿಗರ್ ಆದ ಎಚ್‌ಸಿಜಿ ಹಾರ್ಮೋನು ನೇರವಾಗಿ ಅಂಡಾಶಯದ ಮೇಲೇ ದಿನಗಟ್ಟಲೆ ಕೆಲಸ ಮಾಡುತ್ತದೆ, ಪಿಸಿಓಡಿ ಇರುವವರಿಗೆ ಊತ ಜಾಸ್ತಿಯಾಗುವುದು ಅದಕ್ಕೇ. ಕಿಸ್‌ಪೆಪ್ಟಿನ್ ನಿಮ್ಮದೇ ಎಲ್‌ಎಚ್ ಏರಿಸುತ್ತದೆ, ಅದು ಬೇಗ ಇಳಿಯುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇಂಥ ರಿಸ್ಕ್ ಇದ್ದ 60 ಹೆಂಗಸರಿಗೆ ಇದನ್ನೇ ಟ್ರಿಗರ್ ಆಗಿ ಕೊಟ್ಟು 2015ರಲ್ಲಿ ವರದಿ ಮಾಡಿದರು. ಯಾರಿಗೂ ಗಂಭೀರ ಊತ ಬರಲಿಲ್ಲ. ಆದರೆ ಅವರು ಕೊಟ್ಟದ್ದು ಒಂದೇ ಡೋಸ್, ಅದೂ ಸ್ಕ್ಯಾನ್‌ನಲ್ಲಿ ಅಂಡಾಶಯದೊಳಗಿನ ಫಾಲಿಕಲ್‌ಗಳು (ಅಂಡ ಬೆಳೆಯುವ ಚೀಲಗಳು) ಬೆಳೆದದ್ದು ನೋಡಿಕೊಂಡು. ಮುಟ್ಟು ನಿಂತಿದ್ದ ಹೆಂಗಸರಿಗೆ ದಿನಕ್ಕೆ ಎರಡು ಸಲ ಕೊಟ್ಟು ನೋಡಿದಾಗ ಎರಡೇ ವಾರದಲ್ಲಿ ಅದರ ಪರಿಣಾಮ ತುಂಬ ಇಳಿದುಹೋಯಿತು. ದಿನಾ ಚುಚ್ಚಿಕೊಂಡು ನಿಮಗೇನು ಸಿಗುತ್ತೆ ಹೇಳಿ?

ಇದು ಇನ್ನೂ ಸಂಶೋಧನೆಯಲ್ಲಿರುವ ಮದ್ದು. ಅಷ್ಟಕ್ಕೂ ನಿಮಗೆ ಇದು ಬೇಕಾಗಿಯೇ ಇಲ್ಲ. ಆಂಟಾಗೊನಿಸ್ಟ್ ಪ್ರೋಟೊಕಾಲ್ (ಅಂಡ ಮೊದಲೇ ಬಿಡುಗಡೆಯಾಗದಂತೆ ತಡೆಯುವ ಮದ್ದಿನ ಕ್ರಮ) ಹಿಡಿದು, ಎಚ್‌ಸಿಜಿ ಬದಲು ಜಿಎನ್‌ಆರ್‌ಎಚ್‌ನಂತೆಯೇ ಕೆಲಸ ಮಾಡುವ ಟ್ರಿಪ್ಟೊರೆಲಿನ್ ಅಥವಾ ಲ್ಯೂಪ್ರೊಲೈಡ್ ಟ್ರಿಗರ್ ಕೊಟ್ಟು, ಭ್ರೂಣಗಳನ್ನೆಲ್ಲ ಫ್ರೀಜ್ ಮಾಡಿ ಊತ ಇಳಿದ ಮೇಲೆ ಹಾಕುವ ದಾರಿ ಇದೆ. ನಿಮ್ಮ ಡಾಕ್ಟರನ್ನು ಇದನ್ನೇ ಕೇಳಿ, ಪಾಪ ಅವರು ಎಚ್ಚರಿಸಿದ್ದನ್ನು ಹೆದರಿಸಿದರು ಅನ್ನಬೇಡಿ. ಎಗ್ ಪಿಕಪ್ ಆದಮೇಲೆ ಹೊಟ್ಟೆ ತುಂಬ ಉಬ್ಬಿದರೆ, ಮೂತ್ರ ಕಡಿಮೆಯಾದರೆ ಅಥವಾ ಉಸಿರಾಡಲು ಕಷ್ಟವಾದರೆ ಮೊಬೈಲ್ ಹಿಡಿದು ಕೂರಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಈ ವಿಷಯದಲ್ಲಿ ನಾನು ಪುಕ್ಕಲೇ, ಸುಮ್ನೆ ಕಾದು ನೋಡೋಣ ಅನ್ನುವವಳಲ್ಲ.

ಪ್ರಶ್ನೆ: ಕಿಸ್‌ಪೆಪ್ಟಿನ್ ರಕ್ತಪರೀಕ್ಷೆ ಮಾಡಿಸಲಾ?
ಉತ್ತರ: ಬೇಡ. ಅದರಿಂದ ಚಿಕಿತ್ಸೆ ಏನೂ ಬದಲಾಗುವುದಿಲ್ಲ.

ಪ್ರಶ್ನೆ: ಕಿಸ್‌ಪೆಪ್ಟಿನ್ ಹೆಚ್ಚಿಸುವ ಕಷಾಯ ಇದೆಯಂತೆ?
ಉತ್ತರ: ಮಾರುವವರಿಗೆ ಲಾಭ ಇದೆ.

ಪ್ರಶ್ನೆ: ಮಗು ಆಗ್ತಿಲ್ಲ, ಯಜಮಾನರು ಜಿಮ್‌ನವರು ಹೇಳಿದ ಟೆಸ್ಟೊಸ್ಟೆರಾನ್ ತಗೊಳ್ತಿದ್ದಾರೆ. ಒಳ್ಳೆಯದಲ್ವಾ?
ಉತ್ತರ: ಅಯ್ಯೋ ದೇವರೇ! ಹೊರಗಿನ ಟೆಸ್ಟೊಸ್ಟೆರಾನ್ ಸಿಕ್ಕರೆ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಕಡಿಮೆ ಮಾಡುತ್ತದೆ, ವೀರ್ಯಾಣು ತಯಾರಾಗುವುದೇ ನಿಲ್ಲಬಹುದು. ಈ ವಾರವೇ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಜಿಮ್‌ನವರು ಕೊಟ್ಟ ಬಾಟಲಿಯೂ ಜೊತೆಗಿರಲಿ.