ಹಳ್ಳದ ಕರೆಂಟು ಎಂಟು ಮನೆಗೆ ಸಾಕೇ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: 'ಪ್ರತಿ ಮಳೆಗಾಲ ಲೈನ್ ಮೇಲೆ ಮರ ಬಿದ್ದು ವಾರಗಟ್ಟಲೆ ಕತ್ತಲೆ. ನಾವು ಎಂಟು ಮನೆಯವರು ಸೇರಿ ಹಳ್ಳದ ನೀರಿಂದ, ಜೊತೆಗೆ ಸೋಲಾರಿಂದ ನಮ್ಮದೇ ಕರೆಂಟು ಮಾಡಿಕೊಂಡು, ಸರ್ಕಾರಿ ಲೈನ್ ಬಿಟ್ಟುಬಿಡೋಣ ಅಂತಿದ್ದೇವೆ. ಲಾಭವೇ?'

ನಿಮ್ಮ ಕಷ್ಟ ಚೆನ್ನಾಗಿ ಗೊತ್ತು. ಜೋಗದಲ್ಲಿ 1948ರಿಂದ ಕರೆಂಟು ಹುಟ್ಟುತ್ತಿದೆ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ತೋಟ ಬಿಟ್ಟು ಬಂದವರ ಮಕ್ಕಳು ಇವತ್ತೂ ಮೊಂಬತ್ತಿ ಹಚ್ಚುವುದು ನೋವಿನ ಮಾತು. ಆದರೂ ಲೈನ್ ಬಿಡಬೇಡಿ. ಅದರ ಜೊತೆಗೆ ನಿಮ್ಮದನ್ನು ಕಟ್ಟಿಕೊಳ್ಳಿ.

ಮೊದಲು ಹಳ್ಳ ಅಳೆಯಿರಿ. 200 ಲೀಟರ್ ಡ್ರಮ್ 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್ ನೀರು ಬರುತ್ತಿದೆ ಎಂದರ್ಥ. ಅದು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಪೈಪು, ಟರ್ಬೈನ್ ಚಕ್ರ, ಜನರೇಟರಿನಲ್ಲಿ ಅರ್ಧ ಹೋದರೂ ಸುಮಾರು 1 ಕಿಲೋವ್ಯಾಟ್ ಸಿಗುತ್ತದೆ. ಹಗಲೂ ರಾತ್ರಿ ಓಡಿದರೆ ದಿನಕ್ಕೆ 24 ಯೂನಿಟ್.

ದುಡ್ಡಿನ ಲೆಕ್ಕ ಇಲ್ಲೇ ಇದೆ. ಖರ್ಚು 2 ಲಕ್ಷ, ಬಾಳಿಕೆ 10 ವರ್ಷ ಅಂತ ಸುಮ್ನೆ ಇಟ್ಟುಕೊಳ್ಳೋಣ. ವರ್ಷಕ್ಕೆ 20,000 ರೂಪಾಯಿ ಆಯಿತು. ಹಳ್ಳ 150 ದಿನ ಹರಿದು, ಅಷ್ಟೂ ಕರೆಂಟು ಬಳಸಿದರೆ 3,600 ಯೂನಿಟ್. ಯೂನಿಟ್‌ಗೆ ಐದೂವರೆ ರೂಪಾಯಿ ಬೀಳುತ್ತದೆ. ಸಂಜೆ ನಾಲ್ಕು ಗಂಟೆ ಮಾತ್ರ ಬಳಸಿದರೆ 600 ಯೂನಿಟ್. ಆಗ ಅದೇ ಯೂನಿಟ್‌ಗೆ 33 ರೂಪಾಯಿ! ರಿಪೇರಿ ಇನ್ನೂ ಸೇರಿಸಿಲ್ಲ. ಹಾಗಾಗಿ ಉಳಿದ ಕರೆಂಟನ್ನು ಬಚ್ಚಲ ನೀರು ಕಾಯಿಸಲು ಬಿಡಿ. ಹೆಚ್ಚಾದದ್ದು ತಾನಾಗಿ ಹೀಟರಿಗೆ ಹೋಗುವ ಕಂಟ್ರೋಲರ್ ಸಿಗುತ್ತದೆ. ಕಟ್ಟಿಗೆ ಉಳಿಯುತ್ತದೆ, ವೋಲ್ಟೇಜೂ ಏರುಪೇರಾಗದೆ ನಿಲ್ಲುತ್ತದೆ.

ಗೃಹಜ್ಯೋತಿ ಬಂದ ಮೇಲೆ ನಿಮ್ಮಲ್ಲಿ ಹೆಚ್ಚಿನ ಮನೆಗೆ ಬಿಲ್ಲೇ ಇರಲಿಕ್ಕಿಲ್ಲ. ಅದರ ಎದುರು ಯಾವ ಟರ್ಬೈನೂ ಅಗ್ಗವಾಗದು. ನೀವು ದುಡ್ಡು ಹಾಕುತ್ತಿರುವುದು ಕತ್ತಲೆಯ ಆ ದಿನಗಳಿಗೆ.

ಆ ದಿನಗಳಿಗೆ ಸೋಲಾರ್ ನಂಬಬೇಡಿ. ಆಷಾಢದ ಮೋಡದಲ್ಲಿ ಅದು ಸೊರಗುತ್ತದೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸುವ ಸಾಮಾನ್ಯ ಸೋಲಾರ್, ಲೈನ್ ಹೋದಾಗ ತಾನೂ ಆಫ್ ಆಗುತ್ತದೆ. ತಂತಿ ಕಟ್ಟುತ್ತಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ವಾ? ನಿಮ್ಮ ಹಳ್ಳದ ಕರೆಂಟಿಗೂ ಚೇಂಜ್‌ಓವರ್ ಸ್ವಿಚ್, ಅಂದರೆ ಲೈನ್ ಅಥವಾ ಹಳ್ಳ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್, ಬೇಕೇ ಬೇಕು. ಆದರೆ ಮರ ಬೀಳುವ ಹೊತ್ತಿಗೇ ಹಳ್ಳ ತುಂಬಿ ಹರಿಯುತ್ತದೆ. ಮಲೆನಾಡಿಗೆ ಸಿಕ್ಕ ಭಾಗ್ಯ ಅದು. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಆಗ ಲೈನ್ ಬೇಕಾಗುತ್ತದೆ.

ದೊಡ್ಡ ಲೈನಿನಲ್ಲಿ ಲಕ್ಷಾಂತರ ಮನೆ. ಎಲ್ಲರೂ ಒಂದೇ ಗಳಿಗೆಗೆ ಸ್ವಿಚ್ ಹಾಕುವುದಿಲ್ಲ. ನಿಮ್ಮದರಲ್ಲಿ ಒಂದು ಮನೆಯ ಗ್ರೈಂಡರ್ ಶುರುವಾದರೆ ಏಳು ಮನೆಯ ದೀಪ ಕುಗ್ಗುತ್ತದೆ. ಮೋಟಾರು ಎದ್ದು ಓಡುವಾಗ ಕರೆಂಟು ಕೆಲವು ಪಟ್ಟು ಜಾಸ್ತಿ ಎಳೆಯುತ್ತದೆ. ರುಬ್ಬುವ ಸರದಿ, ಇಸ್ತ್ರಿಪೆಟ್ಟಿಗೆಯ ನಿಯಮ ಮೊದಲೇ ಬರೆದಿಡಿ. ನಂಟಸ್ತಿಕೆ ಇದೆ ಅಂತ ಬಾಯಿಮಾತಿಗೆ ಬಿಡಬೇಡಿ.

ಇನ್ನೊಂದು, ಪೈಪಿನ ಬಾಯಿಗೆ ದರಗು ಕಟ್ಟಿಕೊಂಡಾಗ ಜಡಿಮಳೆಯಲ್ಲಿ ಹೋಗಿ ತೆಗೆಯುವವರು ಯಾರು? ನಾನು ನೋಡಿದ ಒಂದು ಘಟಕ ನಿಂತದ್ದು ಈ ಕಾರಣಕ್ಕೇ. ಯಂತ್ರ ಚೆನ್ನಾಗಿಯೇ ಇತ್ತು. ಒಬ್ಬರಿಗೆ ತಿಂಗಳ ಸಂಬಳ ಕೊಡಿ. ಬೇರಿಂಗಿಗೆ ಅಂತ ಮನೆಗಿಷ್ಟು ಎತ್ತಿಡಿ.

ಈ ಜುಲೈಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಡ್ರಮ್ ಹಿಡಿದು ಅಳೆಯಿರಿ. ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆಯಿರಿ. ಮುಂದಿನ ಲೆಕ್ಕ ಕೂತು ಮಾಡೋಣ.

— ಸಂಪಾದಕ